ಅಪ್‌ಡೇಟ್: ಗೋಲ್ಡ್ ಕ್ಲೋರೈಡ್ ಹಾಕಿದ ಎಮಲ್ಷನ್‌ನ ಫಾಗ್ ಕೊನೆಗೂ ಇಳಿಯಿತು

ಫೋಟೋ ಪ್ಲೇಟಿಗೆ ಬಳಿಯುವ ಸಿಲ್ವರ್ ಬ್ರೋಮೈಡ್ ಎಮಲ್ಷನ್‌ಗೆ (ಬೆಳಕಿಗೆ ಸ್ಪಂದಿಸುವ ಹರಳುಗಳಿರುವ ಲೇಪನಕ್ಕೆ) ಗೋಲ್ಡ್ ಕ್ಲೋರೈಡ್ ಸೇರಿಸಿದ ಮೇಲೆ, ಬೆಳಕನ್ನೇ ಕಾಣದ ಪ್ಲೇಟು ಕೂಡ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣದಲ್ಲಿ) ಬೂದುಬಣ್ಣಕ್ಕೆ ತಿರುಗುತ್ತಿದೆ (ಇದೇ ಫಾಗ್), ಏಕೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ತಪ್ಪು ಸಿಕ್ಕಿದೆ, ಒಂದಲ್ಲ, ಎರಡು.

ಚಿನ್ನದ ಲವಣವನ್ನು ಒಂಟಿಯಾಗಿ ಹಾಕುತ್ತಿದ್ದೆ. ಈಗ ಅದನ್ನು ಥಯೊಸಯನೇಟ್ ದ್ರಾವಣದಲ್ಲಿ ಬೆರೆಸಿ, ಅತ್ಯಲ್ಪ ಥಯೊಸಲ್ಫೇಟ್ ಜೊತೆಗೆ ಕೊಡುತ್ತಿದ್ದೇನೆ. ಥಯೊಸಲ್ಫೇಟ್‌ನ ಗಂಧಕವು ಸಿಲ್ವರ್ ಬ್ರೋಮೈಡ್ ಹರಳಿನ ಮೇಲೆ ಸಿಲ್ವರ್ ಸಲ್ಫೈಡಿನ ಸೂಕ್ಷ್ಮ ಚುಕ್ಕೆಗಳನ್ನು ಮೂಡಿಸುತ್ತದೆ. ಬೆಳಕು ಬಿಡಿಸಿದ ಎಲೆಕ್ಟ್ರಾನ್‌ಗಳು ಅಲ್ಲಿ ಸಿಕ್ಕಿಬೀಳುತ್ತವೆ. ಚಿನ್ನ ಸೇರಿದಾಗ ಇನ್ನೂ ಕಡಿಮೆ ಬೆಳ್ಳಿ ಪರಮಾಣುಗಳ ಗುಂಪು ಸಹ ಡೆವಲಪ್ ಆಗುವ ಯೋಗ್ಯತೆ ಪಡೆಯುತ್ತದೆ. 1936ರಲ್ಲಿ ಫೋಟೋ ಫಿಲ್ಮ್ ಕಂಪನಿ ಆಗ್ಫಾದ ಕೊಸ್ಲೊವ್‌ಸ್ಕಿ ಕಂಡುಕೊಂಡ ಈ ಗುಣ ನನಗೆ ಇಂದಿಗೂ ಬೆರಗು. ಆದರೆ ಫಾಗ್‌ಗೆ ದಾರಿಯೂ ಅದೇ: ಬೆಳಕಿಲ್ಲದೆ ಹುಟ್ಟಿದ ಪುಟ್ಟ ಗುಂಪಿಗೂ ಚಿನ್ನ ಅಷ್ಟೇ ಬಲ ಕೊಡುತ್ತದೆ.

ನಿಜವಾದ ದೊಡ್ಡ ತಪ್ಪು ಸಮಯದ್ದು. ಎಮಲ್ಷನ್ ಅನ್ನು 52 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ 90 ನಿಮಿಷ ಬಿಟ್ಟುಬಿಡುತ್ತಿದ್ದೆ. ಈ ಬಾರಿ 10 ನಿಮಿಷಕ್ಕೊಮ್ಮೆ ಸ್ವಲ್ಪ ತೆಗೆದು, ಗಾಜಿಗೆ ಬಳಿದು, ಅರ್ಧ ಭಾಗವನ್ನು ಮಾತ್ರ ಬೆಳಕಿಗೆ ಒಡ್ಡಿ ನೋಡಿದೆ. 40ನೇ ನಿಮಿಷದವರೆಗೆ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಏರಿತು. ಆಮೇಲೆ ಏರಿದ್ದು ಫಾಗ್ ಮಾತ್ರ. ಹೊಸ ಪಾಕವನ್ನು 40ಕ್ಕೇ ನಿಲ್ಲಿಸಿ, ಫಾಗ್ ತಡೆಯುವ ಟೆಟ್ರಾಅಜಾಇಂಡೀನ್ ಸೇರಿಸಿ ತಣಿಸಿದೆ.

ಒಡ್ಡದ ಅರ್ಧ ಈಗ ತಿಳಿಯಾಗಿದೆ. ಚಿನ್ನವಿಲ್ಲದ ಪಾಕಕ್ಕಿಂತ ಸುಮಾರು ಒಂದು ಸ್ಟಾಪ್ ಹೆಚ್ಚು (ಅಂದರೆ ಎರಡು ಪಟ್ಟು) ವೇಗ ಬಂದಿದೆ. ಒಂದಷ್ಟು ಪ್ಲೇಟುಗಳನ್ನು ತೆಗೆದಿಟ್ಟಿದ್ದೇನೆ; ಎರಡು ತಿಂಗಳ ನಂತರ ಫಾಗ್ ಮರಳಿದೆಯೇ ಎಂದು ನೋಡಿ ಬರೆಯುತ್ತೇನೆ.