ಭದ್ರೆಯ ಹೂಳಲ್ಲಿ ಮ್ಯಾಗ್ನೆಟೈಟ್ ಕಣ, ಜೊತೆಗೆ ನೀರುಹುಳ: ಮಾದರಿ ತೆಗೆಯೋದು ಹೇಗೆ?

ಭದ್ರಾತೀರ:
ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಕೆಳಗಿನ ಹಳ್ಳಗಳಲ್ಲಿ ಅದಿರಿನ ಹೂಳು ಎಷ್ಟು ಉಳಿದಿದೆ, ನೀರುಹುಳಗಳಿಗೆ ಅದರಿಂದ ಏನಾಗಿದೆ ಅನ್ನೋದು ಎಂ.ಎಸ್ಸಿ. ಪ್ರಾಜೆಕ್ಟ್. ಒಣಗಿಸಿದ ಹೂಳಿನ ಮೇಲೆ ಆಯಸ್ಕಾಂತ ಆಡಿಸಿ, ಅದಕ್ಕೆ ಅಂಟುವ ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್ ತೂಗಿದರೆ, ಒಂದೇ ಮಾದರಿಗೆ ಪ್ರತಿಸಲ ಬೇರೆ ತೂಕ ಬರುತ್ತಿದೆ. ಅದರ ಬದಲು ಒಟ್ಟು ಕಬ್ಬಿಣ ಅಳೆಸಿದರೆ ಸಾಕಾ?

ಕಪ್ಪುಮರಳು:
ಸಾಲದು. ಮಲೆನಾಡಿನ ಜಂಬಿಟ್ಟಿಗೆ ಮಣ್ಣಲ್ಲೇ ಕಬ್ಬಿಣ ಧಾರಾಳ. ಗಣಿಯೇ ಕಾಣದ ಹಳ್ಳದಲ್ಲೂ ಅಂಕಿ ಮೇಲೇ ಇರುತ್ತೆ.

ತೂಕ ಕೆಡಿಸೋದು ಜೇಡಿ. ಒಣಗಿದರೆ ಉಂಡೆಗಟ್ಟಿ ಮ್ಯಾಗ್ನೆಟೈಟನ್ನು ಒಳಗೇ ಹಿಡಿದಿಡುತ್ತೆ, ಇಲ್ಲವೇ ಉಂಡೆಗೆ ಉಂಡೆಯೇ ಆಯಸ್ಕಾಂತಕ್ಕೆ ಅಂಟುತ್ತೆ. ಒದ್ದೆಯಲ್ಲೇ ಬೇರ್ಪಡಿಸಿ. 50 ಗ್ರಾಂ ಒಣಹೂಳಿಗೆ 125 ಮಿ.ಲೀ. ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣ (ಲೀಟರಿಗೆ 40 ಗ್ರಾಂ) ಹಾಕಿ ರಾತ್ರಿಯಿಡೀ ನೆನೆಸಿ, ಜೇಡಿಯ ಉಂಡೆ ಬಿಡಿಸೋದು ಅದೇ. 63 ಮೈಕ್ರಾನ್ ನೈಲಾನ್ ಜರಡಿಯಲ್ಲಿ ತೊಳೆದು ಮೇಲಿನದನ್ನೂ ಕೆಳಗಿನದನ್ನೂ ಬೇರೆಬೇರೆ ಇಡಿ. ಸಾಧಾರಣ ಫೆರೈಟ್ ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಹಾಕಿ ನೀರಿನ ತಟ್ಟೆಯಲ್ಲಿ ಆಡಿಸಿ, ಬೇರೆ ಪಾತ್ರೆಯಲ್ಲಿ ಆಯಸ್ಕಾಂತ ಹೊರಗೆಳೆದರೆ ಕಣ ಉದುರುತ್ತೆ. ಉದುರಿದ್ದನ್ನು ಮತ್ತೆ ಮತ್ತೆ ಆರಿಸಿ, ನೀರು ತಿಳಿಯಾಗುವವರೆಗೆ. ನಿಯೋಡಿಮಿಯಂ ಬೇಡ, ಕಂದು ಕಬ್ಬಿಣದ ಕಣಗಳನ್ನೂ ಎಳೆದುಬಿಡುತ್ತೆ. ಹೂಳು ಎತ್ತೋಕೆ ಪ್ಲಾಸ್ಟಿಕ್ ಸೌಟು. ತುಕ್ಕು ಹಿಡಿದ ಹಾರೆಯ ಚೂರು ಸೇರಿದರೂ ಲೆಕ್ಕ ಹೋಯ್ತು.

ಮ್ಯಾಗ್ನೆಟೈಟ್ ಸಿಕ್ಕಿತೆಂದು ಅದೆಲ್ಲ ಗಣಿಯದ್ದೂ ಅಲ್ಲ, ಆ ಗುಡ್ಡದ ಬಂಡೆಯಲ್ಲೇ ಅದಿದೆ. ಸೂಕ್ಷ್ಮದರ್ಶಕದಲ್ಲಿ ಮಿಲ್ಲಿನಲ್ಲಿ ಪುಡಿಯಾದ ಕಣದ ಅಂಚು ಚೂಪು. ಬಂಡೆಯಿಂದ ಆಗಷ್ಟೇ ಕಳಚಿದ್ದೂ ಹಾಗೇ ಕಾಣಬಹುದು. ಹಾಗಾಗಿ ಅದೇ ಬಂಡೆಯ ಮೇಲೆ ಹರಿದು ಬರುವ, ಗಣಿಯ ನೀರು ಸೇರದ ಹಳ್ಳವೊಂದು ಹೋಲಿಕೆಗೆ ಬೇಕೇ ಬೇಕು.

ಹಳ್ಳದಹುಳ:
ಹುಳಗಳಿಗೆ ನಿಜವಾದ ತೊಂದರೆ ಕಬ್ಬಿಣದ ವಿಷಕ್ಕಿಂತ ಹೂಳಿನ ನಯದಿಂದ. ಮ್ಯಾಗ್ನೆಟೈಟ್ ನೀರಲ್ಲಿ ಕರಗೋದು ತೀರಾ ಕಡಿಮೆ. ಆದರೆ ನಯವಾದ ಹೂಳು ಕಲ್ಲುಗಳ ಸಂದು ಮುಚ್ಚುತ್ತೆ, ಮೇಫ್ಲೈ ಮರಿಗಳ ಕಿವಿರಿಗೆ ಮೆತ್ತುತ್ತೆ. ಅಡಗೋಕೆ ಜಾಗವಿಲ್ಲದೆ ಸ್ಟೋನ್‌ಫ್ಲೈ ಕಡಿಮೆಯಾಗುತ್ತೆ, ಕೆಸರಲ್ಲಿ ಬದುಕುವ ಕೈರೊನೊಮಿಡ್ ಹುಳ ಹೆಚ್ಚುತ್ತೆ. 63 ಮೈಕ್ರಾನ್‌ಗಿಂತ ನಯವಾದ ಪಾಲು ಎಷ್ಟೆಂಬ ಅಂಕಿಯನ್ನೇ ಹುಳಗಳ ಲೆಕ್ಕದ ಪಕ್ಕ ಇಟ್ಟು ನೋಡಿ.

ಕಲ್ಲಿನ ಮೇಲೆ ನೀರು ನೊರೆಯುತ್ತಾ ಹರಿಯೋ ಕಡೆ ತಳದ ಹುಳ ಹಿಡಿಯುವ ಸರ್ಬರ್ ಬಲೆ (30×30 ಸೆಂ.ಮೀ. ಚೌಕಟ್ಟು, 500 ಮೈಕ್ರಾನ್ ಕಣ್ಣು) ಇಡಿ. ಹುಳ ಮೊದಲು, ಹೂಳು ಆಮೇಲೆ, ಅದೂ ಬಲೆ ಇಟ್ಟ ಜಾಗದ ಪಕ್ಕದಲ್ಲಿ, ಕಲಕದ ಕಡೆ. ಕೆಳಗಿಂದ ಮೇಲಕ್ಕೆ ಸಾಗಿ, ಇಲ್ಲವಾದರೆ ನೀವೇ ಕಲಕಿದ್ದು ಮುಂದಿನ ಬಲೆಗೆ ಬೀಳುತ್ತೆ. ಮಳೆಗಾಲದ ನೆರೆ ತಳವನ್ನೇ ಉರುಳಿಸುತ್ತೆ, ನವೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ.

ಭದ್ರಾತೀರ:
ತುಂಬಾ ಉಪಕಾರ. ಹುಳಗಳನ್ನು 70% ಆಲ್ಕೋಹಾಲಲ್ಲಿ ಹಾಕಿದರೆ ಆಗುತ್ತಾ?

ಹಳ್ಳದಹುಳ:
ಹಳ್ಳದ ಬದಿಯಲ್ಲಿ 95%. ಹುಳದ ಮೈಯ ನೀರು, ಎಲೆಚೂರಿನ ನೀರು ಸೇರಿ ಅದು ತೆಳುವಾಗುತ್ತೆ, ಮಾರನೇ ದಿನವೇ ಬದಲಿಸಿ. ಆರಿಸಿದ ಮೇಲೆ ಇಡೋಕೆ 70% ಸಾಕು. ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗವಾದರೆ ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಬೇಕು. ಹುಳ ಸಂಗ್ರಹಿಸುವ ವಿಷಯವನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.