ಎರಡಡಿ ಟ್ಯಾಂಕ್‌ಗೆ ಯಾವ ಮೀನು ಹೊಂದುತ್ತವೆ?

ಪ್ರಶ್ನೆ: ನಮಸ್ತೆ ಸರ್. ಮಗಳ ಹಠಕ್ಕೆ ಹೊಸ ಟ್ಯಾಂಕ್ ತಂದಿದ್ದೇನೆ. ಉದ್ದ 60 ಸೆಂ.ಮೀ., ಅಗಲ 30, ಎತ್ತರ 30. ಇನ್ನೂ ನೀರು ತುಂಬಿಲ್ಲ. ಇಬ್ಬರೂ ಕೂತು ಪಟ್ಟಿ ಮಾಡಿದ್ದೇವೆ: ಗೋಲ್ಡ್ ಫಿಶ್ ಎರಡು, ಏಂಜೆಲ್ ಎರಡು, ನಿಯಾನ್ ಟೆಟ್ರಾ ಆರು, ಟೈಗರ್ ಬಾರ್ಬ್ ಎರಡು, ಪಾಚಿ ತಿನ್ನೋಕೆ ಒಂದು ಸಕ್ಕರ್. ಅಂಗಡಿಯಲ್ಲಿ ನೋಡಿದಾಗ ಎಲ್ಲವೂ ಬೆರಳಷ್ಟೇ ಇದ್ದವು. ಭಾನುವಾರ ಬೆಳಗ್ಗೆ ನೀರು ತುಂಬಿಸಿ ಸಂಜೆ ಮೀನು ಬಿಡಬಹುದಾ?

ಉತ್ತರ: ಮೀನು ತರೋ ಮೊದಲೇ ಕೇಳಿದಿರಲ್ಲ, ಅರ್ಧ ಕೆಲಸ ಮುಗೀತು. ನಿಮ್ಮ ಪಟ್ಟಿಯಲ್ಲಿ ನಾನು ಉಳಿಸಿಕೊಳ್ಳೋದು ನಿಯಾನ್ ಒಂದನ್ನೇ.

ಅಂಗಡಿಯಲ್ಲಿ ಕಾಣೋದು ಮರಿಗಳು. ಸಾಮಾನ್ಯ ಸಕ್ಕರ್ 30 ಸೆಂ.ಮೀ. ದಾಟಿ ಬೆಳೆಯುತ್ತದೆ. ನಿಮ್ಮ ಟ್ಯಾಂಕಿನ ಅಗಲವೇ 30. ಅದು ತಿರುಗೋದಾದರೂ ಎಲ್ಲಿ? ದೊಡ್ಡದಾದ ಮೇಲೆ ಪಾಚಿ ತಿನ್ನೋದನ್ನೂ ಕಡಿಮೆ ಮಾಡುತ್ತದೆ, ಗಲೀಜು ಮಾತ್ರ ಜಾಸ್ತಿ. ಗೋಲ್ಡ್ ಫಿಶ್‌ನಲ್ಲಿ ದುಂಡು ಜಾತಿಗಳೂ 15 ಸೆಂ.ಮೀ. ಮೀರಬಹುದು, ಜೊತೆಗೆ ಅವಕ್ಕೆ ತಂಪು ನೀರು ಇಷ್ಟ. ಏಂಜೆಲ್ ಬೆಳೆದಂತೆ ರೆಕ್ಕೆ ಸೇರಿ ಉದ್ದಕ್ಕಿಂತ ಎತ್ತರವೇ ಹೆಚ್ಚಾಗುತ್ತದೆ. ಬೆಳೆದ ಏಂಜೆಲ್‌ಗೆ ನಿಯಾನ್ ಒಂದು ತುತ್ತು. ಹೊಟ್ಟೆ ತುಂಬಿದ್ದರೂ ಬಿಡಲ್ಲ. ಟೈಗರ್ ಬಾರ್ಬ್ ಎರಡೇ ಇದ್ದರೆ ಸುಮ್ನೆ ಇರಲ್ಲ, ಏಂಜೆಲ್‌ನ ಉದ್ದ ರೆಕ್ಕೆಯ ತುದಿಯನ್ನು ಕಚ್ಚಿ ಕಚ್ಚಿ ಚಿಂದಿ ಮಾಡುತ್ತವೆ. ಎಂಟು ಹತ್ತರ ಗುಂಪಿದ್ದರೆ ತಮ್ಮತಮ್ಮಲ್ಲೇ ಜಗಳ ಮುಗಿಸಿಕೊಳ್ಳುತ್ತವೆ, ಆದರೆ ಅದಕ್ಕೆ ಇನ್ನೂ ದೊಡ್ಡ ಟ್ಯಾಂಕ್ ಬೇಕು.

ನಿಮ್ಮದು ಲೆಕ್ಕಕ್ಕೆ 54 ಲೀಟರ್. ಮರಳು, ಕಲ್ಲು ಹಾಕಿ, ಮೇಲೆ ಒಂದಿಷ್ಟು ಜಾಗ ಬಿಟ್ಟರೆ ಉಳಿಯೋದು 45 ಲೀಟರ್ ಅಂದುಕೊಳ್ಳಿ. ಇಷ್ಟು ನೀರಿಗೆ ಯಾವ ಮೀನು ಅನ್ನೋದು ನಿಮ್ಮ ನೀರಿನ ಮೇಲೆ ನಿಂತಿದೆ. ನೀರು ಕಾಯಿಸೋ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಾ?

ಪ್ರಶ್ನೆ: ಕಟ್ಟುತ್ತೆ ಸರ್, ಕೆರೆದರೂ ಹೋಗಲ್ಲ. ಅದಕ್ಕೂ ಮೀನಿಗೂ ಏನು ಸಂಬಂಧ?

ಉತ್ತರ: ಅದು ಗಡಸು ನೀರಿನ, ಅಂದರೆ ಸುಣ್ಣದಂಥ ಲವಣ ಹೆಚ್ಚಿರೋ ನೀರಿನ ಗುರುತು. ನಿಯಾನ್‌ಗಳ ಮೂಲ ಅಮೆಜಾನ್ ಸೀಮೆಯ ಮೃದು ನೀರು. ಈಗ ಸಿಗೋದು ಹೆಚ್ಚಾಗಿ ಸಾಕಾಣಿಕೆಯವು, ಒಂದು ಮಟ್ಟಿಗೆ ಹೊಂದಿಕೊಳ್ಳುತ್ತವೆ. ಆದರೂ ತುಂಬಾ ಗಡಸು ನೀರಿನಲ್ಲಿ ನಾನು ಬಿಡಲ್ಲ. ಮೊದಲು ಹನಿ ಹಾಕಿ ನೋಡೋ ಟೆಸ್ಟ್ ಕಿಟ್ ತಗೊಂಡು ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ), ಗಡಸುತನ ನೋಡಿ. ಪಿಎಚ್ ಇಳಿಸೋ ಔಷಧಿ ಸುರಿಯೋಕೆ ಮಾತ್ರ ಹೋಗಬೇಡಿ. ಇವತ್ತು ಇಳಿಯುತ್ತದೆ, ನಾಳೆ ಏರುತ್ತದೆ. ಆ ಏರಿಳಿತವೇ ಮೀನಿಗೆ ಹೆಚ್ಚು ಕಷ್ಟ. ನೀರಿಗೆ ತಕ್ಕ ಮೀನು ಆರಿಸೋದೇ ಸುಲಭ.

ಗಡಸು ನೀರಾದರೆ ಗಪ್ಪಿ, ಪ್ಲಾಟಿ ಚೆನ್ನಾಗಿರುತ್ತವೆ. ಬಣ್ಣಕ್ಕೂ ಬರವಿಲ್ಲ. ಒಂದು ಷರತ್ತು: ಗಂಡು ಮೀನುಗಳನ್ನೇ ತನ್ನಿ. ಒಂದು ಹೆಣ್ಣು ಗಪ್ಪಿ ಸುಮಾರು ತಿಂಗಳಿಗೊಮ್ಮೆ ಹತ್ತಾರು ಮರಿ ಹಾಕುತ್ತದೆ. ಒಮ್ಮೆ ಗಂಡಿನ ಜೊತೆ ಇದ್ದರೆ ಸಾಕು, ಆಮೇಲೆ ಒಂಟಿಯಾಗಿದ್ದರೂ ತಿಂಗಳುಗಟ್ಟಲೆ ಮರಿ ಬರುತ್ತಲೇ ಇರುತ್ತವೆ. ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯಂತೆ ಚೂಪಾಗಿರುತ್ತದೆ, ಹೆಣ್ಣಿಗೆ ಬೀಸಣಿಗೆಯಂತೆ ಬಿಡಿಸಿರುತ್ತದೆ. ಅಷ್ಟು ನೋಡಿ ಆರಿಸಿ.

ನೀರು ಮೃದುವಾಗಿಯೋ ಮಧ್ಯಮವಾಗಿಯೋ ಇದ್ದರೆ ನನ್ನ ಆಯ್ಕೆ: ಹಾರ್ಲೆಕ್ವಿನ್ ರಾಸ್ಬೋರಾ ಅಥವಾ ನಿಯಾನ್ ಎಂಟು, ತಳದಲ್ಲಿ ಪಿಗ್ಮಿ ಕೋರಿಡೋರಾಸ್ ಆರು, ಮೇಲೆ ಹನಿ ಗೌರಾಮಿ (ಹನಿ ಅಂದರೆ ಇಂಗ್ಲಿಷಿನ ಜೇನು) ಒಂದು. ಕೋರಿಗಳಿಗೆ ಚೂಪು ಜಲ್ಲಿ ಬೇಡ, ನುಣುಪು ಮರಳು ಹಾಕಿ. ಮೂತಿ ಹೂತು ಊಟ ಹುಡುಕೋ ಮೀನು ಅದು, ಮೀಸೆ ಸವೆಯುತ್ತದೆ. ಇದಕ್ಕಿಂತ ಹೆಚ್ಚು ಸೇರಿಸಬೇಡಿ.

ಇನ್ನು ಭಾನುವಾರ ಸಂಜೆ. ಆಗಲ್ಲ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಊಟದಿಂದ ಅಮೋನಿಯ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದನ್ನು ವಾರವಾರ ನೀರು ಬದಲಿಸಿ ತೆಗೆಯಬಹುದು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯ ಇರುವುದಿಲ್ಲ. ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನಿಲ್ಲದೆ ಫಿಲ್ಟರ್, ಹೀಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅಮೋನಿಯ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತು ನೈಟ್ರೇಟ್ ಮಾತ್ರ ಕಂಡರೆ ಟ್ಯಾಂಕ್ ಸಿದ್ಧ. ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ಮೊದಲು ಒಂದು ಗುಂಪು ಮಾತ್ರ ಬಿಡಿ.

ಮೀನು ಸಾಕುವವರ ಗುಂಪಿನ ಇನ್ನೊಬ್ಬರು: ನಾನು ಮೊದಲ ದಿನವೇ ಮೀನು ಬಿಟ್ಟಿದ್ದೆ ಸರ್, ಒಂದೂ ಸಾಯಲಿಲ್ಲ. ಇಷ್ಟೆಲ್ಲಾ ಬೇಕಾ?

ಉತ್ತರ: ಕೆಲವು ಗಟ್ಟಿ ಮೀನುಗಳು ತಡೆದುಕೊಳ್ಳುತ್ತವೆ, ಒಪ್ಪಿದೆ. ನಿಮ್ಮ ನೀರೂ ಕಾಪಾಡಿರಬಹುದು. ಅಮೋನಿಯ ಎಷ್ಟು ವಿಷ ಅನ್ನೋದು ಪಿಎಚ್ ಮೇಲೆ ನಿಂತಿದೆ. ಒಟ್ಟು ಅಮೋನಿಯ ಅಷ್ಟೇ ಇದ್ದರೂ ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು. ಕೇಳಿದವರದು ಗಡಸು ನೀರು, ಪಿಎಚ್ ಜಾಸ್ತಿಯೇ ಇರೋ ಸಾಧ್ಯತೆ. ಅವರಿಗೆ ನಿಮ್ಮ ಅದೃಷ್ಟ ಹಂಚೋಕೆ ಆಗಲ್ಲ ಅಲ್ವಾ? ಬೇಗ ಆಗಬೇಕು ಅಂದರೆ ರೋಗವಿಲ್ಲದ ಹಳೇ ಟ್ಯಾಂಕಿನ ಫಿಲ್ಟರ್ ಸ್ಪಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ.

ಪ್ರಶ್ನೆ: ಸರಿ ಸರ್, ಕಾಯುತ್ತೇವೆ. ಫಿಲ್ಟರ್, ಹೀಟರ್ ಎಷ್ಟರದ್ದು ತರಲಿ? ರಾತ್ರಿ ಫಿಲ್ಟರ್ ಆಫ್ ಮಾಡಬಹುದಾ, ಸದ್ದು ಬರುತ್ತೆ ಅಂತ ಮನೆಯಲ್ಲಿ ಬೈಗುಳ.

ಉತ್ತರ: ಗಂಟೆಗೆ 200ರಿಂದ 250 ಲೀಟರ್ ಹರಿಸೋ ಫಿಲ್ಟರ್ ಸಾಕು. ಹೀಟರ್ 50 ವ್ಯಾಟ್. ನೀರು ವರ್ಷವಿಡೀ 24 ಡಿಗ್ರಿ ಆಸುಪಾಸಿನಲ್ಲೇ ಇದ್ದರೆ ಅದೂ ಬೇಡ. ದೀಪ ದಿನಕ್ಕೆ 6ರಿಂದ 8 ಗಂಟೆ, ಹೆಚ್ಚಾದರೆ ಪಾಚಿ.

ಫಿಲ್ಟರ್ ಮಾತ್ರ ಆಫ್ ಮಾಡಬೇಡಿ. ಆ ಬ್ಯಾಕ್ಟೀರಿಯ ಹೆಚ್ಚಾಗಿ ಇರೋದೇ ಸ್ಪಂಜಿನಲ್ಲಿ, ಅದಕ್ಕೆ ಆಮ್ಲಜನಕ ಬೇಕು. ಹರಿವು ನಿಂತರೆ ಸಾಯತೊಡಗುತ್ತದೆ. ಸದ್ದು ಬರೋದು ಹೆಚ್ಚಾಗಿ ಏರ್ ಪಂಪ್‌ನದ್ದು. ಅದರ ಕೆಳಗೆ ಮಡಚಿದ ಬಟ್ಟೆ ಇಡಿ. ಫಿಲ್ಟರ್ ನೀರಿನೊಳಗಿಂದ ಸದ್ದು ಮಾಡಿದರೆ ಗಾಜಿಗೆ ತಾಗುತ್ತಿದೆಯಾ ನೋಡಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ನೀರು ಬದಲಿಸುವಾಗ ತೆಗೆದ ಟ್ಯಾಂಕ್ ನೀರಿನಲ್ಲೇ ಹಿಂಡಿ.

ಗುಂಪಿನ ಮತ್ತೊಬ್ಬರು: ನೀರನ್ನು ಒಂದು ದಿನ ಬಕೆಟ್‌ನಲ್ಲಿಟ್ಟರೆ ಕ್ಲೋರಿನ್ ಹೋಗುತ್ತಲ್ಲ?

ಉತ್ತರ: ಬರೀ ಕ್ಲೋರಿನ್ ಆದರೆ ಹೋಗುತ್ತದೆ. ಕ್ಲೋರಮೈನ್ (ಕ್ಲೋರಿನ್ ಜೊತೆ ಅಮೋನಿಯ ಸೇರಿದ್ದು) ಹಾಕಿದ್ದರೆ ಹಾಗೆ ಹೋಗಲ್ಲ. ಕ್ಲೋರಿನ್ ತೆಗೆಯೋ ಡಿಕ್ಲೋರಿನೇಟರ್ ಹನಿ ಬಳಸೋದೇ ಸೇಫ್. ವಾರಕ್ಕೆ ಕಾಲು ಭಾಗ ನೀರು ಬದಲಿಸಿ, ಪೂರ್ತಿ ಬೇಡ.

ಪ್ರಶ್ನೆ: ಕೊನೇದು ಸರ್. ಮಗಳಿಗೆ ಫೈಟರ್ ಮೀನಿನ ಮೇಲೆ ಆಸೆ. ಗಪ್ಪಿ ಜೊತೆ ಬಿಡಬಹುದಾ?

ಉತ್ತರ: ಬೇಡ. ಗಂಡು ಗಪ್ಪಿಯ ಬಣ್ಣದ ದೊಡ್ಡ ಬಾಲ ಕಂಡರೆ ಫೈಟರ್ ಅದನ್ನು ಎದುರಾಳಿ ಅಂತ ನುಗ್ಗುತ್ತದೆ. ಫೈಟರ್ ಬೇಕೇ ಬೇಕು ಅಂದರೆ ಅದಕ್ಕೇ ಪ್ರತ್ಯೇಕವಾಗಿ 20 ಲೀಟರಿನ ಟ್ಯಾಂಕ್ ಮಾಡಿ, ಮುಚ್ಚಳ ಇರಲಿ, ಹಾರುತ್ತದೆ. ಅದಕ್ಕೂ ಫಿಲ್ಟರ್ ಬೇಕು, ಅದಕ್ಕೂ ಅದೇ 4ರಿಂದ 6 ವಾರ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಒಂದೇ ಟೆಸ್ಟ್ ಕಿಟ್‌ನಲ್ಲಿ ಮುಗಿಯುತ್ತದೆ. ಟ್ಯೂಬಿನ ಬಣ್ಣ ನೋಡಿ ಬರೆದಿಡೋ ಕೆಲಸ ಮಗಳಿಗೆ ಕೊಡಿ.