ಸಹಾಯ ಬೇಕು: ಕೆಂಪು ಬ್ಯಾಟರಿ ಲೈಟ್ ಆರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ನಿಂತಿದ್ದಾಗ ನಮ್ಮ ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಬ್ಯಾಟರಿ ಲೈಟ್ ಹತ್ತಿಕೊಂಡಿತು. ಪಕ್ಕದಲ್ಲಿ ಅಮ್ಮ, ಹೊರಗೆ ಜೋರು ಮಳೆ. ವೈಪರ್, ಹೆಡ್‌ಲೈಟ್ ಆರಿಸುವ ಹಾಗಿರಲಿಲ್ಲ. ಎಸಿ ಆಫ್ ಮಾಡಿ ಹೇಗೋ ಸಂಜಯನಗರದ ಮನೆ ತಲುಪಿದೆವು. ತುಂಬಾ ಭಯವಾಗಿತ್ತು.

ಮೆಕ್ಯಾನಿಕ್ ಫೋನ್‌ನಲ್ಲೇ "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಅಂದರು. ಆದರೆ ಬ್ಯಾಟರಿ ಹಾಕಿಸಿ ಇನ್ನೂ ಒಂದು ವರ್ಷವಾಗಿಲ್ಲ. ಬೆಳಿಗ್ಗೆ ಮಲ್ಟಿಮೀಟರ್ ಇಟ್ಟು ನೋಡಿದೆ. ಎಂಜಿನ್ ಆಫ್ ಇದ್ದಾಗ 12.3 ವೋಲ್ಟ್, ಸ್ಟಾರ್ಟ್ ಮಾಡಿದ ಮೇಲೆ 11.9. ಚಾರ್ಜ್ ಆಗುತ್ತಿದ್ದರೆ ಸುಮಾರು 14 ಬರಬೇಕು, ಅಲ್ವಾ? ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ತಿರುಗಿಸುವ ಬೆಲ್ಟ್ ತುಂಡಾಗಿಲ್ಲ, ಟೆಂಪರೇಚರ್ ಮುಳ್ಳೂ ಮಾಮೂಲಿ ಜಾಗದಲ್ಲೇ ಇದೆ. ಹಾಗಾಗಿ ನನಗೆ ಆಲ್ಟರ್ನೇಟರ್ ಮೇಲೇ ಅನುಮಾನ. ಸುಮ್ನೆ ಬ್ಯಾಟರಿ ಬದಲಿಸಿದರೆ ಅದೂ ಖಾಲಿಯಾಗಿ ದಾರಿಯಲ್ಲಿ ಕಾರು ನಿಂತುಬಿಡುತ್ತದೆ.

ಇಡೀ ಆಲ್ಟರ್ನೇಟರ್ ಬದಲಿಸದೆ ಅದರ ಕಾರ್ಬನ್ ಬ್ರಷ್, ರೆಗ್ಯುಲೇಟರ್ ಮಾತ್ರ ಬದಲಿಸಿ ಸರಿಮಾಡಿಸಿದವರು ಇದ್ದೀರಾ? ಅದು ಎಷ್ಟು ದಿನ ಬಾಳಿಕೆ ಬಂತು? ಆರ್.ಟಿ. ನಗರ, ಸಂಜಯನಗರದ ಕಡೆ ಮನೆಗೇ ಬಂದು ನೋಡುವ ಒಳ್ಳೆ ಆಟೋ ಎಲೆಕ್ಟ್ರಿಷಿಯನ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಗುರುವಾರ ಅಮ್ಮನ ಕಣ್ಣಿನ ಆಪರೇಷನ್ ಇದೆ, ಅಷ್ಟರೊಳಗೆ ಕಾರು ರೆಡಿಯಾಗಬೇಕು.